ಪಾಠ 9: ಬನ್ನಿ, ನೀವೇ ನೋಡಿ

ಅಕ್ಕಂದಿರೇ, ಕ್ಷಯ ರೋಗದ ಹೆಸರು ಕೇಳಿದ್ದೀರಿ. ಅದನ್ನೇ ಟಿ.ಬಿ. ಅಂತಲೂ ಕರೆಯುತ್ತೇವೆ. ಈ ರೋಗ ಬಂದರೆ ಜನ ಏನು ಮಾತಾಡುತ್ತಾರೆ? "ಹಿಂದಿನ ಜನ್ಮದ ಪಾಪ" ಅನ್ನುತ್ತಾರೆ. "ಅವರ ವಂಶದಲ್ಲೇ ಇದೆ" ಅನ್ನುತ್ತಾರೆ. ಮಗನಿಗೆ ಬಂದರೆ ಔಷಧಿ ಕೊಡಿಸುತ್ತಾರೆ. ಸೊಸೆಗೆ ಬಂದರೆ ತವರಿಗೆ ಕಳಿಸುವವರೂ ಇದ್ದಾರೆ. ಇದು ಸರಿಯೇ? ಉತ್ತರಕ್ಕಾಗಿ ಒಂದು ಹಳೆಯ ಭಾಷಣದ ಕತೆ ಕೇಳಿ.

ಜರ್ಮನಿ ಅಂತ ಒಂದು ದೇಶ. ಅದರ ರಾಜಧಾನಿ ಬರ್ಲಿನ್. 1882ನೇ ಇಸವಿ, ಮಾರ್ಚ್ 24. ಅಂದು ಸಂಜೆ ಅಲ್ಲಿ ಒಂದು ಸಭೆ ಸೇರಿತು. ಬಂದವರು ವೈದ್ಯರು ಮತ್ತು ವಿಜ್ಞಾನಿಗಳು. ಮಾತಾಡಿದವರು ರಾಬರ್ಟ್ ಕಾಕ್. ಅವರಿಗೆ ಆಗ 38 ವರ್ಷ. ಮೊದಲು ಅವರು ಸಣ್ಣ ಊರಿನ ವೈದ್ಯರಾಗಿದ್ದರು.

ಆ ಕಾಲದಲ್ಲಿ ಕ್ಷಯಕ್ಕೆ ಔಷಧಿಯೇ ಇರಲಿಲ್ಲ. ಸಾಯುವ ಏಳು ಜನರಲ್ಲಿ ಒಬ್ಬರು ಕ್ಷಯದಿಂದಲೇ ಸಾಯುತ್ತಾರೆ ಎಂದು ಕಾಕ್ ಹೇಳಿದರು. ಅದು ವಂಶದಿಂದ ಬರುವ ರೋಗ ಅಂತ ಅಲ್ಲಿಯೂ ಬಹಳ ಜನ ನಂಬಿದ್ದರು.

ಕಾಕ್ ಬರಿಗೈಲಿ ಬಂದಿರಲಿಲ್ಲ. ಸೂಕ್ಷ್ಮದರ್ಶಕಗಳನ್ನು ತಂದಿದ್ದರು. ಕಣ್ಣಿಗೆ ಕಾಣದ್ದನ್ನು ದೊಡ್ಡದಾಗಿ ತೋರಿಸುವ ಯಂತ್ರವೇ ಸೂಕ್ಷ್ಮದರ್ಶಕ. ರೋಗಿಗಳ ಶ್ವಾಸಕೋಶದ ತುಣುಕುಗಳನ್ನು ಗಾಜಿನ ಮೇಲೆ ಇಟ್ಟಿದ್ದರು. ಅದಕ್ಕೆ ಬಣ್ಣ ಹಾಕಿದ್ದರು. ನಾವು ಬಟ್ಟೆಗೆ ನೀಲಿ ಹಾಕುವುದಿಲ್ಲವೇ, ಹಾಗೆ. ಬಣ್ಣ ಹಿಡಿದ ಮೇಲೆ ಸಣ್ಣ ಸಣ್ಣ ನೀಲಿ ಕಡ್ಡಿಗಳು ಕಂಡವು. ಅವೇ ಕ್ಷಯದ ರೋಗಾಣುಗಳು.

ಅಷ್ಟಕ್ಕೇ ಕಾಕ್ ಸುಮ್ಮನಾಗಿರಲಿಲ್ಲ. ಆ ರೋಗಾಣುಗಳನ್ನು ಬೇರೆ ಮಾಡಿ ವಾರಗಟ್ಟಲೆ ಬೆಳೆಸಿದ್ದರು. ಅವನ್ನು ಗಿನಿಯಿಲಿಗಳ ಮೈಗೆ ಸೇರಿಸಿದ್ದರು. ಇಲಿಗಳಿಗೆ ಕ್ಷಯ ಬಂತು. ಅವುಗಳ ಮೈಯಲ್ಲೂ ಅದೇ ಕಡ್ಡಿಗಳು ಸಿಕ್ಕವು. ಅಂದರೆ ರೋಗಕ್ಕೆ ಕಾರಣ ಪಾಪವಲ್ಲ, ಶಾಪವಲ್ಲ. ಒಂದು ರೋಗಾಣು.

ಭಾಷಣ ಮುಗಿಯಿತು. ಯಾರೂ ವಾದಕ್ಕೆ ನಿಲ್ಲಲಿಲ್ಲ. ಎದ್ದು ಹೋಗಿ ಯಂತ್ರಕ್ಕೆ ಕಣ್ಣಿಟ್ಟು ತಾವೇ ನೋಡಿದರು. ಕೆಲವೇ ವಾರಗಳಲ್ಲಿ ಸುದ್ದಿ ದೇಶ ದೇಶಕ್ಕೆ ಹಬ್ಬಿತು.

ಇನ್ನೊಂದು ಮಾತು. 1890ರಲ್ಲಿ ಇದೇ ಕಾಕ್ ಇನ್ನೊಂದು ದೊಡ್ಡ ಸಭೆಯಲ್ಲಿ ಮಾತಾಡಿದರು. ಕ್ಷಯಕ್ಕೆ ಮದ್ದು ಸಿಕ್ಕಿದೆ ಅನ್ನುವ ಆಸೆ ಹುಟ್ಟಿಸಿದರು. ರೋಗಿಗಳು ಬರ್ಲಿನ್‌ಗೆ ಓಡೋಡಿ ಬಂದರು. ಆದರೆ ಆ ಮದ್ದಿನಿಂದ ರೋಗ ವಾಸಿಯಾಗಲಿಲ್ಲ. ನೋಡಿದಿರಾ? ದೊಡ್ಡವರು ಹೇಳಿದರು ಅಂದ ಮಾತ್ರಕ್ಕೆ ಎಲ್ಲವೂ ನಿಜವಲ್ಲ. ಪರೀಕ್ಷೆಯಲ್ಲಿ ಗೆದ್ದದ್ದು ಮಾತ್ರ ನಿಜ.

ನಿಜವಾದ ಔಷಧಿ ಸಿಕ್ಕಿದ್ದು 1943ರಲ್ಲಿ. ಅದರ ಹೆಸರು ಸ್ಟ್ರೆಪ್ಟೊಮೈಸಿನ್. ಆಮೇಲೆ ಬೇರೆ ಔಷಧಿಗಳೂ ಬಂದವು. ನಮ್ಮ ಮದ್ರಾಸಿನಲ್ಲಿ 1956ರಲ್ಲಿ ಒಂದು ಪರೀಕ್ಷೆ ಶುರುವಾಯಿತು. ಕೆಲವು ರೋಗಿಗಳನ್ನು ಆಸ್ಪತ್ರೆಯಲ್ಲಿ ಇಟ್ಟರು. ಕೆಲವರಿಗೆ ಮನೆಯಲ್ಲೇ ಔಷಧಿ ಕೊಟ್ಟರು. ಮನೆಯಲ್ಲಿದ್ದವರಿಗೂ ಹೆಚ್ಚು ಕಡಿಮೆ ಅಷ್ಟೇ ಚೆನ್ನಾಗಿ ವಾಸಿಯಾಯಿತು. ಅವರ ಮನೆಯವರಿಗೆ ರೋಗ ಹೆಚ್ಚಾಗಿ ಅಂಟಲೂ ಇಲ್ಲ. ಹಾಗಾದರೆ ಸೊಸೆಯನ್ನು ತವರಿಗೆ ಯಾಕೆ ಕಳಿಸಬೇಕು? ಅವಳಿಗೆ ಬೇಕಾದ್ದು ಔಷಧಿ, ಊಟ, ಮನೆಯವರ ಪ್ರೀತಿ.

ಇದನ್ನು ನೆನಪಿಡಿ:

ಎರಡು ವಾರ ಕೆಮ್ಮು ನಿಲ್ಲದಿದ್ದರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೂ ಔಷಧಿಗೂ ದುಡ್ಡಿಲ್ಲ.

ರೋಗಿ ಕೆಮ್ಮಿದಾಗ ರೋಗಾಣು ಗಾಳಿಯಲ್ಲಿ ಸೇರಿ ಹರಡುತ್ತದೆ. ತಟ್ಟೆ, ಲೋಟದಿಂದ ಹರಡುವುದಿಲ್ಲ. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಿರಿ. ಕಿಟಕಿ ತೆರೆದಿಡಿ.

ಸಾಮಾನ್ಯವಾಗಿ ಆರು ತಿಂಗಳು ಔಷಧಿ ಬೇಕು. ಕೆಮ್ಮು ನಿಂತಿತು ಅಂತ ನಡುವೆ ಬಿಡಬೇಡಿ. ಬಿಟ್ಟರೆ ರೋಗಾಣು ಮೊಂಡಾಗುತ್ತದೆ, ಔಷಧಿಗೆ ಬಗ್ಗುವುದಿಲ್ಲ.

ಈಗ ಪ್ರತಿ ವರ್ಷ ಮಾರ್ಚ್ 24 ವಿಶ್ವ ಕ್ಷಯ ದಿನ. ಕಾಕ್ ಮಾತಾಡಿದ ದಿನವೇ ಅದು. ನಿಮ್ಮ ಊರಿಗೂ ವೈದ್ಯರು ಮಾತಾಡಲು ಬಂದಾರು. ಹಿಂದೆ ಕೂರಬೇಡಿ, ಮುಂದೆ ಬನ್ನಿ. ತಿಳಿಯದಿದ್ದರೆ ಕೇಳಿ. "ನಮಗೂ ತೋರಿಸಿ" ಅನ್ನಿ. ಕೇಳುವುದಕ್ಕೆ ನಾಚಿಕೆ ಯಾಕೆ?

ಓದಿ, ಬರೆಯಿರಿ: ಕ್ಷಯ, ಔಷಧಿ, ಪರೀಕ್ಷೆ, ವಿಜ್ಞಾನಿ, ಶ್ವಾಸಕೋಶ.

ಕೂಡಿ ಮಾತಾಡಿ:
1. ಕ್ಷಯಕ್ಕೆ ಕಾರಣ ಏನು?
2. ಸಭೆಯಲ್ಲಿದ್ದವರು ಕಾಕ್ ಅವರ ಮಾತನ್ನು ಹೇಗೆ ಪರೀಕ್ಷೆ ಮಾಡಿದರು?
3. ನಿಮ್ಮ ಊರಿಗೆ ವೈದ್ಯರು ಬಂದರೆ ನೀವು ಯಾವ ಪ್ರಶ್ನೆ ಕೇಳುತ್ತೀರಿ?