ಏಳು ತುಂಡು, ಎಂಟು ಮೂಲೆ

ಪಾರದರ್ಶಕ ಡಬ್ಬಿ. ಎಂಟು ಘನಗಳಿಗೆ ಜಾಗವಿದೆ, ಒಳಗಿರುವುದು 1ರಿಂದ 7ರವರೆಗೆ ಅಂಕಿ ಬರೆದ ಏಳೇ. ಒಂದೊಂದನ್ನೂ ಅದರದರ ಮೂಲೆಗೆ ತರುವುದೇ ಆಟ. ಡಬ್ಬಿ ವಾಲಿಸಿದರೆ ಖಾಲಿ ಮೂಲೆಗೆ ಅಕ್ಕಪಕ್ಕದ್ದೋ ಮೇಲಿನದ್ದೋ ಜಾರುತ್ತದೆ. ರೂಬಿಕ್ಸ್ ಕ್ಯೂಬಿನಂತೆ ತಿರುಗಿಸುವುದು, ತಿರುಚುವುದು ಇಲ್ಲಿಲ್ಲ.

ದೊಡ್ಡಬಳ್ಳಾಪುರದ ಬಡಗಿಯೊಬ್ಬರ ಹತ್ತಿರ ಇದನ್ನು ಮಾಡಿಸಲು ಹೋದಾಗ ಅವರು ಕೇಳಿದ್ದು: "ಬೊಂಬೆ ಕೆಲಸಕ್ಕೆ ಚನ್ನಪಟ್ಟಣ ಇಲ್ವಾ ಸಾರ್?" 2007ರವರೆಗೆ ಅದೂ ನಮ್ಮ ಜಿಲ್ಲೆಯದೇ. ಆದರೆ ಅಲ್ಲಿ ಹೆಸರಾದದ್ದು ಲೇತಿನ ಕೆಲಸ; ಹಾಲೆಮರ ಅರಗಿನ ಬಣ್ಣದಲ್ಲಿ ದುಂಡಗೆ ಹೊಳೆಯುತ್ತದೆ. ಘನಕ್ಕೆ ಬೇಕಾದದ್ದು ಗರಗಸ, ಮರಳು ಕಾಗದ, ತಾಳ್ಮೆ. ತುಂಡು ಕೂದಲೆಳೆಯಷ್ಟು ದಪ್ಪವಾದರೂ ಸಿಕ್ಕಿಕೊಳ್ಳುತ್ತದೆ, ಸಣ್ಣದಾದರೆ ಅಡ್ಡ ತಿರುಗಿ ಕೂರುತ್ತದೆ.

ಪಕ್ಕದ ಮಗ್ಗದ ಮನೆಯವರು, ಅವರ ಮಕ್ಕಳು, ಬಂದುಹೋಗುವ ನೆಂಟರು ಎಲ್ಲರೂ ಇದನ್ನು ಕೈಗೆತ್ತಿಕೊಂಡಿದ್ದಾರೆ. ದೊಡ್ಡವರು 1ನೇ ತುಂಡನ್ನು ಅದರ ಮೂಲೆಗೆ ತಂದರೆ ಮತ್ತೆ ಅಲುಗಿಸಲು ಒಪ್ಪುವುದಿಲ್ಲ. ಅಲ್ಲಿಗೆ ಆಟ ನಿಂತಂತೆ. ಮಕ್ಕಳಿಗೆ ಆ ಮೋಹವಿಲ್ಲ, ಕೂಡಿಸಿದ್ದನ್ನು ಕೆಡಿಸಿ ಮುಂದೆ ಹೋಗುತ್ತಾರೆ. ನನಗೆ ಹಿಡಿತ ಸಿಕ್ಕಿದ್ದು ತುಂಡುಗಳನ್ನು ಬಿಟ್ಟು ಖಾಲಿ ಮೂಲೆಯನ್ನು ಹಿಂಬಾಲಿಸಿದಾಗ. ಮೆಜೆಸ್ಟಿಕ್‌ನಿಂದ ಬರುವ ತುಂಬಿದ ಬಸ್ಸಿನಲ್ಲಿ ಒಬ್ಬರು ಇಳಿದ ಜಾಗ ಹಿಂದೆ ಹಿಂದೆ ಸರಿಯುತ್ತದಲ್ಲ, ಹಾಗೆ.

ಈ ಆಟದ ಅಜ್ಜ ಅಂಕಿ ಬರೆದ ಹದಿನೈದು ಬಿಲ್ಲೆಗಳನ್ನು ಜಾರಿಸುವ ಚೌಕ. 1880ರಲ್ಲಿ ಅಮೆರಿಕಕ್ಕೆ ಅದರ ಹುಚ್ಚು ಹಿಡಿದಿತ್ತು. 14, 15 ಅದಲುಬದಲಾಗಿರುವುದನ್ನು ಸರಿಪಡಿಸಿದವರಿಗೆ 1000 ಡಾಲರ್ ಎಂದು ಆಮೇಲೆ ಒಗಟುಗಾರ ಸ್ಯಾಮ್ ಲಾಯ್ಡ್ ಸಾರಿದ. ಆಟ ಕಂಡುಹಿಡಿದವನೂ ತಾನೇ ಎಂದ, ಅದು ಸುಳ್ಳು. ಬಹುಮಾನ ಯಾರಿಗೂ ದಕ್ಕುವಂತಿರಲಿಲ್ಲ. ಅದು ಆಗದ ಮಾತೆಂದು ಜಾನ್ಸನ್ ಮತ್ತು ಸ್ಟೋರಿ ಎಂಬ ಗಣಿತಜ್ಞರು 1879ರಲ್ಲೇ ತೋರಿಸಿದ್ದರು.

ಅದೇ ಕಾಟ ನಮ್ಮ ಡಬ್ಬಿಯಲ್ಲೂ ಬಂತು. ಯಾರೋ ಹುಡುಗ ಸಿಟ್ಟಿಗೆ ಮುಚ್ಚಳ ತೆಗೆದು ತುಂಡುಗಳನ್ನು ಮತ್ತೆ ತುಂಬಿಟ್ಟಿದ್ದ. ಆಮೇಲೆ ಏನು ಮಾಡಿದರೂ 6 ಮತ್ತು 7 ಹಿಂದುಮುಂದಾಗಿಯೇ ಉಳಿದವು.

ಕಾರಣ ಸರಳ. ಎಂಟು ಮೂಲೆಗಳಿಗೆ ಚದುರಂಗದ ಮಣೆಯಂತೆ ಒಂದು ಬಿಟ್ಟೊಂದು ಕಪ್ಪು, ಬಿಳುಪು ಎಂದು ಹೆಸರಿಡಿ. ಪ್ರತಿ ಜಾರಿಕೆಗೂ ಖಾಲಿ ಜಾಗ ಕಪ್ಪಿನಿಂದ ಬಿಳುಪಿಗೆ, ಬಿಳುಪಿನಿಂದ ಕಪ್ಪಿಗೆ ಹಾರುತ್ತದೆ. ಅದು ಹೊರಟಲ್ಲಿಗೇ ಮರಳಬೇಕಾದರೆ ಸಮಸಂಖ್ಯೆಯ ಜಾರಿಕೆಗಳೇ ಬೇಕು. ಪ್ರತಿ ಜಾರಿಕೆಯೂ ಖಾಲಿ ಜಾಗಕ್ಕೂ ಒಂದು ತುಂಡಿಗೂ ನಡೆಯುವ ಒಂದು ಅದಲುಬದಲು, ಹಾಗಾಗಿ ಒಟ್ಟು ಅದಲುಬದಲುಗಳೂ ಸಮ. ಬರೀ ಒಂದು ಜೋಡಿಯ ಅದಲುಬದಲು ಬೆಸ. ಹಾಗಾಗಿ ಖಾಲಿ ಮೂಲೆ ಒಂದೇ ಕಡೆ ಇದ್ದಾಗ ಏಳು ತುಂಡುಗಳನ್ನು ಇಡಬಹುದಾದ 5040 ಬಗೆಗಳಲ್ಲಿ ಜಾರಿಸಿ ತಲುಪಬಹುದಾದವು 2520 ಮಾತ್ರ. ಆ ಅರ್ಧವೆಲ್ಲ ಖಂಡಿತ ಸಿಗುತ್ತದೆ ಎನ್ನುವುದಕ್ಕೆ ಆಧಾರ ಆರ್. ಎಂ. ವಿಲ್ಸನ್ 1974ರಲ್ಲಿ ಪ್ರಕಟಿಸಿದ ಪ್ರಮೇಯ. ಎರ್ನೊ ರೂಬಿಕ್ ಬುಡಾಪೆಸ್ಟಿನಲ್ಲಿ ತನ್ನ ಘನ ಕಟ್ಟಿದ್ದೂ ಅದೇ ವರ್ಷ.

ರೂಬಿಕ್‌ನ ಆಟಕ್ಕೆ ಸೂತ್ರಗಳನ್ನು ಬಾಯಿಪಾಠ ಮಾಡಿದವರು ಬೇಕಾದಷ್ಟು ಸಿಗುತ್ತಾರೆ. ಈ ಡಬ್ಬಿ ಅಷ್ಟು ದೊಡ್ಡದಲ್ಲ, ಸೂತ್ರವಿಲ್ಲದೆ ಬಿಡಿಸಬಹುದು. ನನಗೆ ಇದು ಹೆಚ್ಚು ಇಷ್ಟವಾಗುವುದೂ ಅದಕ್ಕೇ. ಮಾಡಿಸುವವರು ಮುಚ್ಚಳಕ್ಕೆ ಸ್ಕ್ರೂ ಹಾಕಿಸಿ. ಇಲ್ಲವೇ ಎರಡು ತುಂಡುಗಳಿಗೆ ಒಂದೇ ಬಣ್ಣ ಬಳಿಸಿ, ಅಂಕಿ ಬೇಡ. ಆಗ ಆ ಎರಡರಲ್ಲಿ ಯಾವುದು ಎಲ್ಲಿದ್ದರೂ ಒಂದೇ, ಹೇಗೆ ತುಂಬಿಟ್ಟರೂ ಬಿಡಿಸಬಹುದು.