ಐರಿಶ್ ಪೂರ್ವಜರ ಬೇರು ಟೌನ್‌ಲ್ಯಾಂಡಿನಲ್ಲಿ

ಐರ್ಲೆಂಡಿನ ವಂಶಾವಳಿ ಹುಡುಕಾಟದಲ್ಲಿ ಮನೆತನದ ಹೆಸರಿಗಿಂತ ಊರಿನ ಹೆಸರೇ ಮುಖ್ಯ. ಅಲ್ಲಿನ ಅತಿ ಚಿಕ್ಕ ಭೂವಿಭಾಗ ಟೌನ್‌ಲ್ಯಾಂಡ್. ಇಂಥವು 60,000ಕ್ಕೂ ಹೆಚ್ಚಿವೆ. ಒಂದೇ ಹೆಸರಿನವೂ ಹಲವು. ಆದ್ದರಿಂದ ಕೌಂಟಿ, ಪ್ಯಾರಿಷ್ ಎರಡನ್ನೂ ಮೊದಲು ಖಚಿತಪಡಿಸಿಕೊಳ್ಳಬೇಕು.

1922ರಲ್ಲಿ ಡಬ್ಲಿನ್‌ನ ದಾಖಲೆ ಕಚೇರಿ ಸುಟ್ಟಾಗ 1821ರಿಂದ 1851ರವರೆಗಿನ ಜನಗಣತಿಯ ಬಹುಭಾಗ ಬೂದಿಯಾಯಿತು. ಇದು ತುಂಬಲಾರದ ನಷ್ಟ. ಆದರೂ ದಾರಿ ಮುಚ್ಚಿಲ್ಲ. 1901 ಮತ್ತು 1911ರ ಗಣತಿ ಉಳಿದಿದ್ದು, ರಾಷ್ಟ್ರೀಯ ಪತ್ರಾಗಾರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಇವೆರಡರ ನಡುವಿನ ಹತ್ತು ವರ್ಷಗಳಲ್ಲಿ ಕೆಲವರ ವಯಸ್ಸು ಹದಿನೈದು ಏರಿದೆ! 1909ರಲ್ಲಿ ಎಪ್ಪತ್ತು ದಾಟಿದವರಿಗೆ ವೃದ್ಧಾಪ್ಯ ಪಿಂಚಣಿ ಸಿಗತೊಡಗಿದ್ದು ಇದಕ್ಕೊಂದು ಕಾರಣ. ಹೀಗಾಗಿ ವಯಸ್ಸನ್ನು ಅಂದಾಜೆಂದೇ ಪರಿಗಣಿಸುವುದು ಕ್ಷೇಮ.

ಎಲ್ಲರ ಜನನ, ಮರಣ, ವಿವಾಹಗಳ ಸರ್ಕಾರಿ ನೋಂದಣಿ ಶುರುವಾದದ್ದು 1864ರಲ್ಲಿ. ಅದಕ್ಕೂ ಹಿಂದಿನದಕ್ಕೆ ಕ್ಯಾಥೊಲಿಕ್ ಪ್ಯಾರಿಷ್ ದಾಖಲೆಗಳೇ ಆಸರೆ. ಅವುಗಳ ಚಿತ್ರಗಳು ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಬರಹ ಹೆಚ್ಚಾಗಿ ಲ್ಯಾಟಿನ್‌ನಲ್ಲಿರುವುದರಿಂದ ಜೇಮ್ಸ್ ಅಲ್ಲಿ ಜಾಕೋಬಸ್ ಆಗಿರುತ್ತಾನೆ. ದೀಕ್ಷಾಸ್ನಾನದ ಸಾಕ್ಷಿಗಳು ಬಹುಮಟ್ಟಿಗೆ ಬಂಧುಗಳೇ ಆದ್ದರಿಂದ ಅವರ ಹೆಸರನ್ನೂ ಬರೆದಿಟ್ಟುಕೊಳ್ಳಬೇಕು. ಭೂಮಿ ಹಿಡಿದವರ ಪಟ್ಟಿಗೆ 1847–1864ರ ಗ್ರಿಫಿತ್ ಮೌಲ್ಯಮಾಪನ ನೋಡಬಹುದು. ಅದರಲ್ಲಿ ಗೇಣಿದಾರ ಮತ್ತು ಒಡೆಯನ ಹೆಸರು ಮಾತ್ರ, ಹೆಂಡತಿ ಮಕ್ಕಳದ್ದಲ್ಲ.