ಕಪ್ಪು ಬಿಳುಪಿನ ವೇಷ
(ಹಳೆಯ ಕಾರ್ಟೂನಿನಿಂದ ಕಲಿತ ಒಂದು ಕೈಗೆಲಸದ ಪಾಠ)

ಕರಿಯ ಇಲಿಯೊಂದು ಹಡಗಿನ ಚುಕ್ಕಾಣಿ ಹಿಡಿದು, ಸಿಳ್ಳು ಹಾಕುತ್ತ, ತಾಳಕ್ಕೆ ಸರಿಯಾಗಿ ಮೈಯನ್ನು ಕುಣಿಸುವ ದೃಶ್ಯವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಅಮೆರಿಕದ ವಾಲ್ಟ್ ಡಿಸ್ನಿ ಮತ್ತು ಅಬ್ ಐವರ್ಕ್ಸ್ ಎಂಬವರು ಸಿದ್ಧಪಡಿಸಿದ ‘ಸ್ಟೀಮ್‌ಬೋಟ್ ವಿಲ್ಲಿ’ ಎಂಬ ಆ ಚಿತ್ರವು 1928ನೆಯ ಇಸವಿಯ ನವೆಂಬರ್ 18ರಂದು ನ್ಯೂಯಾರ್ಕ್ ನಗರದಲ್ಲಿ ತೆರೆಕಂಡಿತು. ಅದರಲ್ಲಿ ಬಣ್ಣವಿಲ್ಲ, ಕಪ್ಪು, ಬಿಳುಪು, ನಡುವೆ ಬೂದು, ಇಷ್ಟೇ. ಆದರೂ ಅದನ್ನು ಕಂಡ ಮಗು ಇಂದಿಗೂ ನಗುತ್ತದೆ. ಅಂತಹ ಚಿತ್ರಗಳ ರೂಪವನ್ನು ಅನುಸರಿಸಿ ವೇಷದ ಸಾಮಗ್ರಿಯನ್ನು ನಮ್ಮ ಕೈಯಾರೆ ಮಾಡಿಕೊಳ್ಳುವ ಬಗೆಯನ್ನೂ, ಹಾಗೆ ಮಾಡುವಾಗ ನಾವು ಕಲಿತುದನ್ನೂ ಇಲ್ಲಿ ತಿಳಿಸುತ್ತೇವೆ.

ಈ ಕೆಲಸಕ್ಕೆ ನಾವು ಕೈಹಾಕಿದುದಕ್ಕೆ ಒಂದು ಕಾರಣವುಂಟು. ನಮ್ಮ ಸ್ನೇಹಸಮ್ಮೇಳನದ ವೇಷಸ್ಪರ್ಧೆಗೆ ಬಹುಕಾಲದಿಂದ ವೇಷಗಳು ಬಾಡಿಗೆಯ ಅಂಗಡಿಯಿಂದಲೇ ಬರುತ್ತಿದ್ದವು. ಬಾಡಿಗೆ ಕೊಡಬಲ್ಲವರ ಮಕ್ಕಳು ರಾಜರಾದರು, ಉಳಿದವರು ನೋಡುವವರಾದರು. ಏಳನೆಯ ತರಗತಿಯ ಹುಡುಗನೊಬ್ಬನನ್ನು, “ನೀನೇಕೆ ಹೆಸರು ಕೊಡಲಿಲ್ಲ?” ಎಂದು ಕೇಳಿದೆವು. “ನನಗೆ ವೇಷ ಹಾಕುವುದು ಇಷ್ಟವಿಲ್ಲ, ಸರ್” ಎಂದನು. ಆದರೆ ಅವನ ಗಣಿತದ ನೋಟುಬುಕ್ಕಿನ ಹಿಂಬದಿಯ ಪುಟಗಳನ್ನು ನಾವು ನೋಡಿದ್ದೆವು. ಅಲ್ಲಿ ಗುಂಡುಕಿವಿಯ ಇಲಿಗಳೂ ಮೀಸೆ ತಿರುವುವ ಬೆಕ್ಕುಗಳೂ ತುಂಬಿದ್ದವು. ಮರುದಿನವೇ ನಿಯಮವೊಂದನ್ನು ಮಾಡಿದೆವು: ಈ ಸಲ ಬಾಡಿಗೆಯ ವೇಷವಿಲ್ಲ; ಎಲ್ಲವನ್ನೂ ಮಕ್ಕಳೇ ಮಾಡತಕ್ಕದ್ದು.

ರೂಪದ ಹಿಂದಿನ ಕಾರಣ

ಮಾಡುವುದಕ್ಕೆ ಮೊದಲು ಆ ರೂಪವು ಹಾಗೇಕೆ ಇದೆ ಎಂಬುದನ್ನು ಅರಿಯಬೇಕು. ಧ್ವನಿಯುಳ್ಳ ಚಲನಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಹಾಯುತ್ತವೆ. ಹಾಗಾದರೆ ಒಂದು ನಿಮಿಷಕ್ಕೆ 1,440. ಏಳು ನಿಮಿಷದ ಚಿತ್ರಕ್ಕೆ 10,080. ಒಂದೇ ಚಿತ್ರವನ್ನು ಎರಡು ಚೌಕಟ್ಟುಗಳಿಗೆ ಬಳಸಿದರೂ 5,040 ಚಿತ್ರಗಳನ್ನು ಕೈಯಿಂದ ಬರೆಯಬೇಕಾಯಿತು. ಇಷ್ಟು ಸಲ ಬರೆಯಬೇಕಾದವನು ಇಲಿಯ ಒಂದೊಂದು ಕೂದಲನ್ನೂ ಬರೆಯುತ್ತ ಕೂಡಲಾರನಷ್ಟೆ! ಆದುದರಿಂದ ತಲೆಯೊಂದು ವೃತ್ತ, ಕಿವಿಗಳೆರಡು ವೃತ್ತ, ಹೊಟ್ಟೆಯೊಂದು ವೃತ್ತ. ಕೈಕಾಲುಗಳಿಗೆ ಮೊಣಕೈ ಮೊಣಕಾಲುಗಳ ಗೊಡವೆಯಿಲ್ಲ. ಅವು ರಬ್ಬರಿನ ಕೊಳವೆಗಳಂತೆ ಎತ್ತ ಬೇಕಾದರೂ ಬಾಗುತ್ತವೆ. ಈ ಶೈಲಿಗೆ ‘ರಬ್ಬರ್ ಹೋಸ್’ ಎಂಬ ಹೆಸರೇ ಬಂದಿದೆ. 1919ರಲ್ಲಿ ಹುಟ್ಟಿದ ‘ಫೀಲಿಕ್ಸ್’ ಎಂಬ ಬೆಕ್ಕು, 1930ರಲ್ಲಿ ಫ್ಲೈಷರ್ ಸೋದರರ ಚಿತ್ರಗಳಲ್ಲಿ ಕಾಣಿಸಿಕೊಂಡ ‘ಬೆಟ್ಟಿ ಬೂಪ್’, ಇವೆಲ್ಲ ಇದೇ ಬಳಗದವು.

ಎಂದರೆ ಇದು ಮಿತವ್ಯಯದಿಂದ ಹುಟ್ಟಿದ ಸೌಂದರ್ಯ. ಕಡಿಮೆ ಗೆರೆಯಿಂದ ಹೆಚ್ಚು ಅರ್ಥವನ್ನು ಹೊರಡಿಸುವುದೇ ಇದರ ಗುಟ್ಟು. ಹಳೆಯ ಪತ್ರಿಕೆ, ಮೈದಾ ಹಿಟ್ಟು, ಹರಿದ ಬಿಳಿಯ ಪಂಚೆ, ಇಷ್ಟನ್ನೇ ನೆಚ್ಚಿಕೊಂಡ ನಮಗೆ ಇದಕ್ಕಿಂತ ಒಪ್ಪುವ ಮಾದರಿ ಬೇರೆ ಯಾವುದು?

‘ಸ್ಟೀಮ್‌ಬೋಟ್ ವಿಲ್ಲಿ’ಯ ಹಕ್ಕುಸ್ವಾಮ್ಯವು ಅಮೆರಿಕದಲ್ಲಿ 2024ರ ಜನವರಿ 1ರಂದು ಮುಗಿಯಿತು. ಆದರೆ ಆ ಇಲಿಯನ್ನೇ ನಕಲು ಮಾಡುವುದು ನಮ್ಮ ಉದ್ದೇಶವಾಗಿರಲಿಲ್ಲ. ವ್ಯಾಕರಣವನ್ನು ಕಲಿತವನು ತನ್ನ ವಾಕ್ಯವನ್ನು ತಾನೇ ಬರೆಯಬೇಕಲ್ಲವೆ? ದಿನವೂ ನಮ್ಮ ಕಣ್ಣಮುಂದೆ ಓಡಾಡುವ ಮುಂಬಯಿಯ ಡಬ್ಬಾವಾಲರನ್ನು ನೆನೆದು, ಬಿಳಿಯ ಟೊಪ್ಪಿಗೆ ತೊಟ್ಟು ದೊಡ್ಡ ಡಬ್ಬಿಯನ್ನು ಹೊತ್ತ ಇಲಿಯೊಂದನ್ನು ಕಲ್ಪಿಸಿದೆವು. ಆ ಕಾಲದ ಕಾರ್ಟೂನುಗಳಲ್ಲಿ ಮೇಜು, ಮರ, ಗಡಿಯಾರಗಳಿಗೂ ಜೀವ ಬರುವುದುಂಟು. ಆದುದರಿಂದ ನಮ್ಮ ಡಬ್ಬಿಗೂ ಕಣ್ಣು ಕೈಗಳಿರಲೆಂದು ನಿಶ್ಚಯಿಸಿದೆವು.

ಅಂಟು ಮತ್ತು ಕಾಗದ

ಒಂದು ಬಟ್ಟಲು ಮೈದಾವನ್ನು ಒಂದು ಬಟ್ಟಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಬೇಕು. ಕುದಿಯುವ ನಾಲ್ಕು ಬಟ್ಟಲು ನೀರಿಗೆ ಅದನ್ನು ಸುರಿದು, ಗಂಜಿಯಂತೆ ಮಿನುಗುವವರೆಗೆ ಕೈಬಿಡದೆ ತಿರುವಬೇಕು. ಒಲೆಯ ಕೆಲಸವು ಹಿರಿಯರ ಎದುರಿನಲ್ಲಿಯೇ ನಡೆಯಲಿ. ಹುಳು ಹಿಡಿಯದಂತೆ ಮೈಲುತುತ್ತವನ್ನು ಹಾಕುವ ಹಳೆಯ ಪದ್ಧತಿಯುಂಟು. ಅದು ವಿಷ, ಮಕ್ಕಳ ಕೈಗೆ ಕೂಡದು. ಬೂಷ್ಟು ಬೇಗ ಹಿಡಿಯದಿರಲು ಒಂದು ಚಮಚ ಉಪ್ಪು ಸಾಕು.

ಕಾಗದವನ್ನು ಕತ್ತರಿಸದೆ ಕೈಯಿಂದ ಹರಿಯಬೇಕು. ಹರಿದ ಅಂಚು ತೆಳುವಾಗಿದ್ದು ಒಂದರೊಳಗೊಂದು ಬೆರೆಯುತ್ತದೆ. ಒಂದು ಸುತ್ತಿಗೆ ಕನ್ನಡ ಪತ್ರಿಕೆ, ಮರುಸುತ್ತಿಗೆ ಮರಾಠಿ ಪತ್ರಿಕೆ, ಹೀಗೆ ಬದಲಿಸುತ್ತ ಹೋದೆವು. ಮರಾಠಿಯ ಸುತ್ತಿನ ನಡುವೆ ಕನ್ನಡದ ಅಕ್ಷರ ಇಣುಕಿದರೆ ಅಲ್ಲಿ ಕಾಗದ ತಪ್ಪಿದೆಯೆಂದು ತಿಳಿಯುತ್ತದೆ. ಎರಡು ಲಿಪಿಗಳನ್ನು ಬಲ್ಲ ಮಕ್ಕಳಿಗೆ ಇದಕ್ಕಿಂತ ಸುಲಭವಾದ ಅಳತೆಗೋಲು ಬೇಕಿಲ್ಲ.

ಕಿವಿಯ ರೇಖಾಗಣಿತ

ಆ ಚಿತ್ರದ ಇಲಿಯನ್ನು ಗಮನವಿಟ್ಟು ನೋಡಿರಿ. ಅದು ಮುಖವನ್ನು ಎತ್ತ ತಿರುಗಿಸಿದರೂ ಕಿವಿಗಳು ಮಾತ್ರ ಗುಂಡಗೆಯೇ ಕಾಣುತ್ತವೆ. ಬರೆಯುವವನಿಗೆ ಇದು ಸುಲಭ, ಮಾಡುವವನಿಗೆ ಒಗಟು. ಮೊದಲು ನಾವು ರಟ್ಟನ್ನು ವೃತ್ತಾಕಾರವಾಗಿ ಕತ್ತರಿಸಿ ತಲೆಪಟ್ಟಿಗೆ ಸಿಕ್ಕಿಸಿದೆವು. ಎದುರಿನಿಂದ ಚೆಂದವಾಗಿತ್ತು. ಹುಡುಗನು ಪಕ್ಕಕ್ಕೆ 60 ಡಿಗ್ರಿ ತಿರುಗಿದೊಡನೆ ಕಿವಿಯ ಅಗಲ ಅರ್ಧವಾಯಿತು. 90 ಡಿಗ್ರಿ ತಿರುಗಿದಾಗ ಕಿವಿಯೇ ಇಲ್ಲದೆ ಒಂದು ಗೆರೆ ಉಳಿಯಿತು.

ಯಾವ ದಿಕ್ಕಿನಿಂದ ನೋಡಿದರೂ ವೃತ್ತವಾಗಿ ಕಾಣುವ ಆಕೃತಿ ಒಂದೇ ಒಂದು, ಅದು ಗೋಲ. ಆದುದರಿಂದ ಎರಡು ಬಲೂನುಗಳನ್ನು 12 ಸೆಂಟಿಮೀಟರು ವ್ಯಾಸಕ್ಕೆ ಉಬ್ಬಿಸಿದೆವು. ಪೂರ್ತಿಯಾಗಿ ಉಬ್ಬಿಸದಿದ್ದರೆ ಬಲೂನು ಹೆಚ್ಚು ಗುಂಡಗಿರುತ್ತದೆ. ಮೇಲೆ ತುಸು ಎಣ್ಣೆ ಸವರಿ, ನಾಲ್ಕು ಸುತ್ತು ಕಾಗದವನ್ನು ಅಂಟಿಸಿ ತೂಗುಹಾಕಿದೆವು.

ಇಲ್ಲಿ ನಾವು ತಪ್ಪಿದೆವು. ಅದು ಜುಲೈ ತಿಂಗಳು. ಮುಂಬಯಿಯ ಮಳೆ ಬಿಡದೆ ಸುರಿಯುತ್ತಿತ್ತು. ಎರಡು ದಿನವಾದರೂ ಕಾಗದ ಒಣಗಲಿಲ್ಲ. ಅಷ್ಟರಲ್ಲಿ ಬಲೂನಿನ ಗಾಳಿ ಇಳಿದು ಕಿವಿಗಳು ಒಣನಿಂಬೆಯಂತೆ ಸುಕ್ಕಿದವು. ನಾಲ್ಕನೆಯ ದಿನ ಬೂಷ್ಟು ಬಂದಿತು. ದಸರೆಯಾದ ಮೇಲೆ ಮತ್ತೆ ಮಾಡಿದಾಗ, ಒಂದು ಸುತ್ತು ಚೆನ್ನಾಗಿ ಒಣಗಿದ ಮೇಲೆಯೇ ಮುಂದಿನದನ್ನು ಹಚ್ಚಿದೆವು. ಕಿವಿಗಳು ಗಟ್ಟಿಯಾಗಿ, ಹಗುರವಾಗಿ, ಗುಂಡಗೆ ನಿಂತವು. ಅವಸರಕ್ಕೆ ಅಂಟು ಒಣಗುವುದಿಲ್ಲ.

ಕೈಗವಸು

‘ಸ್ಟೀಮ್‌ಬೋಟ್ ವಿಲ್ಲಿ’ಯಲ್ಲಿ ಇಲಿಯ ಕೈ ಬರಿದು. ಕರಿಯ ಮೈಯ ಮುಂದೆ ಕರಿಯ ಕೈ ಬಂದರೆ ಅದು ಕಾಣಿಸದು. 1929ರ ‘ದಿ ಆಪ್ರಿ ಹೌಸ್’ ಎಂಬ ಚಿತ್ರದಲ್ಲಿ ಅದಕ್ಕೆ ಬಿಳಿಯ ಕೈಗವಸುಗಳು ಬಂದವು. ಬೆರಳುಗಳು ನಾಲ್ಕೇ, ಒಂದು ಬೆರಳು ಕಡಿಮೆಯಾದರೆ ಸಾವಿರಾರು ಚಿತ್ರಗಳಲ್ಲಿ ಎಷ್ಟು ಶ್ರಮ ಉಳಿಯಿತೆಂದು ಲೆಕ್ಕ ಹಾಕಿರಿ.

ಇದರ ಇನ್ನೊಂದು ಮುಖವನ್ನೂ ಮರೆಮಾಚಬಾರದು. ಬಿಳಿಯ ನಟರು ಮುಖಕ್ಕೆ ಮಸಿ ಬಳಿದು, ಬಿಳಿಯ ಕೈಗವಸು ತೊಟ್ಟು, ಕಪ್ಪು ಜನರನ್ನು ಅಣಕಿಸುತ್ತಿದ್ದ ರಂಗಪ್ರದರ್ಶನಗಳು ಅಮೆರಿಕದಲ್ಲಿದ್ದವು. ಅವುಗಳ ನೆರಳು ಆ ಕಾಲದ ಕಾರ್ಟೂನುಗಳ ಮೇಲೆ ಬಿದ್ದುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಹೀಗಿರಲು ಯಾರ ಮುಖಕ್ಕೂ ಮಸಿ ಬಳಿಯಕೂಡದೆಂದು ನಾವು ಮೊದಲೇ ನಿರ್ಧರಿಸಿದೆವು. ಮೂಗಿನ ತುದಿಗೆ ಒಂದು ಕರಿಯ ಚುಕ್ಕೆ ಸಾಕು; ಉಳಿದ ಮುಖ ಮಗುವಿನದೇ ಆಗಿರಲಿ. ಒಳ್ಳೆಯದನ್ನು ಕಲಿಯುವಾಗ ಕೆಟ್ಟುದನ್ನು ಸೋಸಿ ಬಿಡುವುದೂ ಪಾಠದ ಒಂದು ಭಾಗವೇ ಸರಿ.

ಇನ್ನು ಹೊಲಿಗೆ. ಬಟ್ಟೆಯ ಮೇಲೆ ಕೈಯಿಟ್ಟು, ನಡುಬೆರಳನ್ನೂ ಉಂಗುರಬೆರಳನ್ನೂ ಒಂದಾಗಿ ಹಿಡಿದು, ಸುತ್ತಲೂ ಎರಡು ಸೆಂಟಿಮೀಟರು ಬಿಟ್ಟು ಗೆರೆ ಎಳೆಯಿರಿ. ಎರಡು ಪದರು ಕತ್ತರಿಸಿ ಹೊಲಿದು ಒಳಗನ್ನು ಹೊರಗೆ ಮಾಡಿ, ಕೈಯ ಹಿಂಬದಿಗೆ ಹತ್ತಿಯನ್ನು ತುಂಬಿರಿ. ಅದರ ಮೇಲೆ ಕರಿಯ ಉಲ್ಲನ್ ನೂಲಿನಿಂದ ಮೂರು ಗೆರೆಗಳನ್ನು ಹಾಕಿರಿ. ಮಣಿಕಟ್ಟಿಗೆ ಹತ್ತಿ ತುಂಬಿದ ಬಟ್ಟೆಯ ಸುರುಳಿ ಬರಲಿ. ಅಂಗೈಯಲ್ಲಿ ಮಾತ್ರ ಒಂದು ಸೀಳನ್ನು ಬಿಡಲೇಬೇಕು. ನಮ್ಮ ಮೊದಲ ಕೈಗವಸನ್ನು ತೊಟ್ಟವನಿಗೆ ಒಂದು ಪೆನ್ಸಿಲನ್ನೂ ಹಿಡಿಯಲಾಗಲಿಲ್ಲ!

ಡಬ್ಬಿ, ಗೆರೆ, ಕಣ್ಣು

ಡಬ್ಬಿಗೆ 30 ಸೆಂಟಿಮೀಟರು ವ್ಯಾಸವೆಂದಿಟ್ಟುಕೊಂಡರೆ ಸುತ್ತಳತೆ 94. ಅಂಟಿಸಲು 3 ಕೂಡಿಸಿದರೆ 97 ಸೆಂಟಿಮೀಟರಿನ ರಟ್ಟು ಬೇಕು. ಹಿಂದೆ ಹೇಳಿದ ಹುಡುಗನ ತಂದೆ ಹೋಟೆಲೊಂದರಲ್ಲಿ ಕೆಲಸದಲ್ಲಿರುವವರು. ಅವರು ಸಾಮಾನು ಬಂದ ಖಾಲಿ ಪೆಟ್ಟಿಗೆಗಳನ್ನು ತಂದುಕೊಟ್ಟರು. ಅಂತಹ ರಟ್ಟಿನೊಳಗೆ ಅಲೆಯಲೆಯಾದ ಕಾಗದವಿರುತ್ತದೆ. ಆ ಅಲೆಗಳು ಮೇಲಿನಿಂದ ಕೆಳಕ್ಕೆ ನಿಲ್ಲುವಂತೆ ಹಿಡಿದರೆ ರಟ್ಟು ಮುರಿಯದೆ ಸುತ್ತಿಕೊಳ್ಳುತ್ತದೆ. ಮುಚ್ಚಳವನ್ನು ತುಸು ಓರೆಯಾಗಿ ಕೂಡಿಸಿರಿ; ಕಾರ್ಟೂನಿನಲ್ಲಿ ನೆಟ್ಟಗೆ ನಿಂತ ವಸ್ತು ನಿರ್ಜೀವವೆನಿಸುತ್ತದೆ.

ಬಿಳಿಯ ಬಣ್ಣ ಬಳಿದ ಮೇಲೆ ಅಂಚುಗಳಿಗೆ ಕರಿಯ ಗೆರೆ. ಅದೆಷ್ಟು ದಪ್ಪವಿರಬೇಕು? ಸಾಮಾನ್ಯ ದೃಷ್ಟಿಯುಳ್ಳ ಕಣ್ಣು ಬೇರ್ಪಡಿಸಿ ನೋಡಬಲ್ಲ ಕೋನವು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ. 15 ಮೀಟರು ದೂರದ ಕೊನೆಯ ಬೆಂಚಿನಿಂದ ಇದು ಸುಮಾರು 4 ಮಿಲಿಮೀಟರಿಗೆ ಸಮ. ಅದಕ್ಕಿಂತ ತೆಳುವಾದುದು ಮಸುಕಾಗುತ್ತದೆ. ನಾವು 1 ಸೆಂಟಿಮೀಟರಿನ ಗೆರೆಯನ್ನೇ ಎಳೆದೆವು. ಬಣ್ಣವು ಹೊಳಪಿಲ್ಲದ್ದಾಗಿರಲಿ, ಹೊಳೆಯುವ ಕಪ್ಪು ದೀಪದ ಬೆಳಕಿನಲ್ಲಿ ಬೆಳ್ಳಗೆ ಕಾಣುತ್ತದೆ.

ಆ ಕಾಲದ ಚಿತ್ರಗಳ ಕಣ್ಣು ವಿಶಿಷ್ಟವಾದುದು: ಕರಿಯ ಗುಡ್ಡೆಯಿಂದ ಹೋಳಿಗೆಯ ತುಂಡಿನಂತೆ ಒಂದು ಮೂಲೆಯನ್ನು ಕತ್ತರಿಸಿ ತೆಗೆದಂತಿರುತ್ತದೆ. ಆ ಬಿಳಿಯ ಮೂಲೆಯು ದೃಷ್ಟಿಗೆ ಒಂದು ದಿಕ್ಕನ್ನು ಕೊಡುತ್ತದೆ. ನಾವು ಅದನ್ನು ಅಂಟಿಸಲು ಹೊರಟಾಗ, ವೇಷ ಇಷ್ಟವಿಲ್ಲವೆಂದಿದ್ದ ಆ ಹುಡುಗನೇ ಹಿಂದಿನ ಬೆಂಚಿನಿಂದ ಎದ್ದುನಿಂತು, “ಅಂಟಿಸಬೇಡಿ ಸರ್. ಗುಡ್ಡೆಯನ್ನು ಗುಂಡಗೆ ಮಾಡಿದರೆ ತಿರುಗಿಸಬಹುದು, ಡಬ್ಬಿ ಆಚೀಚೆ ನೋಡುತ್ತದೆ” ಎಂದನು.

ಅವನು ಹೇಳಿದಂತೆಯೇ ಮಾಡಿದೆವು. ಚಪ್ಪಟೆಯಾದ ಬಿಳಿಯ ರಟ್ಟಿನಲ್ಲಿ ಎರಡು ತೂತು. ಅವುಗಳಲ್ಲಿ ಎರಡು ಪೆನ್ಸಿಲಿನ ತುಂಡು. ಹೊರತುದಿಗೆ ಕಣ್ಣಿನ ಗುಡ್ಡೆ, ಒಳತುದಿಗೆ ಸಣ್ಣ ಹಿಡಿಕೆ. ಎರಡು ಹಿಡಿಕೆಗಳನ್ನೂ ಒಂದು ಬಿದಿರುಕಡ್ಡಿಯಿಂದ ಜೋಡಿಸಿದೆವು. ಹಳೆಯ ಉಗಿ ಎಂಜಿನಿನ ಗಾಲಿಗಳನ್ನು ಒಂದು ದಂಡವು ಕೂಡಿಸುವುದು ಹೀಗೆಯೇ. ಕಡ್ಡಿಯನ್ನು ಸರಿಸಿದರೆ ಎರಡು ಕಣ್ಣುಗಳೂ ಒಟ್ಟಿಗೆ ಹೊರಳುತ್ತವೆ. ಕೈಗವಸಿನ ಸೀಳಿನಿಂದ ಹೊರಬಂದ ಬೆರಳಿಗೆ ಡಬ್ಬಿಯ ಹಿಂಬದಿಯ ತೂತಿನಲ್ಲಿ ಈಗ ಕೆಲಸ ಸಿಕ್ಕಿತು.

ಒಳಗಿರುವವನ ಎಚ್ಚರ

ನಮ್ಮ ದೊಡ್ಡ ತಪ್ಪನ್ನೂ ಹೇಳಿಬಿಡುತ್ತೇವೆ. ಮೊದಲು ಪೂರ್ತಿ ತಲೆಯ ಮುಖವಾಡವೊಂದನ್ನು ಮಾಡಿದ್ದೆವು. ಅದು ಚಿತ್ರದಂತೆಯೇ ಇತ್ತು. ಆದರೆ ಅಭ್ಯಾಸದ ದಿನ ಅದನ್ನು ತೊಟ್ಟ ಬಾಲಕನಿಗೆ ಮೆಟ್ಟಿಲು ಕಾಣದೆ, ಬಿದ್ದು ಮೊಣಕಾಲು ತರಚಿಕೊಂಡನು. ತಪ್ಪು ಅವನದಲ್ಲ, ನಮ್ಮದು. ಬರೆದ ಇಲಿಯ ಒಳಗೆ ಯಾರೂ ಇರುವುದಿಲ್ಲ; ಮಾಡಿದ ಇಲಿಯ ಒಳಗೆ ಒಂದು ಮಗುವಿರುತ್ತದೆ. ಅದು ನೋಡಬೇಕು, ಉಸಿರಾಡಬೇಕು, ಓಡಬೇಕು. ಅಂದೇ ಮುಖವಾಡವನ್ನು ಕೈಬಿಟ್ಟೆವು; ಬಾಲದೊಳಗಿನ ತಂತಿಯ ತುದಿಗಳನ್ನೂ ಮಡಿಸಿ ಬಟ್ಟೆ ಸುತ್ತಿದೆವು.

ಕೊನೆಯದಾಗಿ ನಡಿಗೆ. ಒಂದು ತಾಳಕ್ಕೆ 12 ಚೌಕಟ್ಟುಗಳಾದರೆ ನಿಮಿಷಕ್ಕೆ 120 ತಾಳ. ತಬಲೆಯ ಆ ಗತಿಗೆ ಮೊಣಕಾಲನ್ನು ಬಾಗಿಸುತ್ತ ನಡೆಯುವುದನ್ನು ಅಭ್ಯಸಿಸಿದೆವು. ಸಡಿಲವಾದ ಕರಿಯ ತೋಳುಗಳೊಳಗೆ ಮೊಣಕೈ ಮರೆಯಾಗಿ, ಕೈ ಕೊಳವೆಯಂತೆ ಬಳುಕಿತು.

ಸಮ್ಮೇಳನದ ದಿನ ಆ ಹುಡುಗನೇ ಇಲಿಯಾಗಿ ಬಂದನು. ಕಂಕುಳಿನ ಡಬ್ಬಿ ಸಭೆಯತ್ತ ನೋಡಿತು, ಮತ್ತೆ ಅವನತ್ತ ನೋಡಿತು. ಕೊನೆಯ ಬೆಂಚಿನವರೆಗೂ ನಗೆ ಹಬ್ಬಿತು. ಅವನಿಗೆ ದೊರೆತುದು ಎರಡನೆಯ ಬಹುಮಾನ. ಆದರೆ ಮರುದಿನ ಮೂರನೆಯ ತರಗತಿಯ ಮಕ್ಕಳು ಅವನನ್ನು ಮುತ್ತಿಕೊಂಡು, “ಅಣ್ಣಾ, ಕಣ್ಣು ತಿರುಗುವುದು ಹೇಗೆ?” ಎಂದು ಕೇಳುತ್ತಿದ್ದರು. ಅವನು ಗಣಿತದ ನೋಟುಬುಕ್ಕಿನ ಹಿಂಬದಿಯನ್ನು ತೆರೆದು, ಬಚ್ಚಿಡದೆ, ಅವರಿಗೆ ವಿವರಿಸುತ್ತಿದ್ದನು.

ಅಭ್ಯಾಸ

1. ಹತ್ತು ನಿಮಿಷದ ಕಾರ್ಟೂನಿಗೆ ಎಷ್ಟು ಚೌಕಟ್ಟುಗಳು ಬೇಕು? ಒಂದು ಚಿತ್ರವನ್ನು ಎರಡು ಚೌಕಟ್ಟುಗಳಿಗೆ ಬಳಸಿದರೆ ಎಷ್ಟು ಚಿತ್ರಗಳು?
2. ರಟ್ಟಿನ ವೃತ್ತವನ್ನೂ ಚೆಂಡನ್ನೂ ದೀಪದ ಮುಂದೆ ತಿರುಗಿಸಿ, ಗೋಡೆಯ ಮೇಲೆ ಅವುಗಳ ನೆರಳನ್ನು ಹೋಲಿಸಿರಿ.
3. ನಿಮ್ಮ ಮನೆಯ ಒಂದು ವಸ್ತುವನ್ನು ಆರಿಸಿ, ಹತ್ತೇ ಗೆರೆಗಳಲ್ಲಿ ಅದಕ್ಕೆ ಜೀವ ಬರುವಂತೆ ಬರೆಯಿರಿ. ಪ್ರತಿಯೊಂದು ಗೆರೆಯೂ ಏಕೆ ಬೇಕೆಂಬುದನ್ನು ಗೆಳೆಯನಿಗೆ ತಿಳಿಸಿರಿ.